ಬನ್ನಿಗಿಡದ ಬುಡದಲ್ಲಿ ಕಂಡ ಕೆಂಪು

ತಾಂಬಾ ಊರಿನ ನಮ್ಮ ಹೊಲದಿಂದ ನಾನು ಕೆರೆದು ತಂದ ಕಲ್ಲುಹೂವಿನ ಚೂರು ಪರ್ಟುಸೇರಿಯಾ ಕುಲದ್ದು ಎಂದು ಇಡೀ ಸಸ್ಯಶಾಸ್ತ್ರ ವಿಭಾಗ ನಂಬಿತ್ತು. ನಂಬಿಸಿದವನು ನಾನೇ. ಕಲ್ಲಿಗೂ ತೊಗಟೆಗೂ ಗಾಯದ ಹೊಪ್ಪಳೆಯಂತೆ ಅಂಟಿಕೊಳ್ಳುವ ಈ ಜೀವಿಯನ್ನು ಗುರುತಿಸಲು ಒಂದು ಹನಿ ಕ್ಷಾರ ಬಿಡುತ್ತಾರೆ. ಕೆಲವು ಜಾತಿಗಳು ಕೆಂಪಾಗುತ್ತವೆ. ನನ್ನದು ಕಣ್ಣು ಕುಕ್ಕುವಷ್ಟು ಕೆಂಪಾಗಿತ್ತು. ಪಿಎಚ್‌ಡಿ ಪ್ರಬಂಧದ ಒಂದು ಅಧ್ಯಾಯ ಆ ಕೆಂಪಿನ ಮೇಲೇ ನಿಂತಿತ್ತು.

ಪ್ರಬಂಧ ಸಲ್ಲಿಸಲು ಒಂದು ವಾರ ಉಳಿದಾಗ ಅನುಮಾನ ಶುರುವಾಯಿತು. ಆ ಚೂರು ಇಟ್ಟ ಪೊಟ್ಟಣದ ಮೇಲೆ ‘ಬನ್ನಿಗಿಡದ ತೊಗಟೆ’ ಎಂದು ಬರೆದಿದ್ದೆ. ಚೂರಿನ ಹಿಂದೆ ಮಾತ್ರ ಕಲ್ಲಿನ ಪುಡಿ. ತೊಗಟೆ ಕೆರೆದದ್ದು ನನಗೆ ಚೆನ್ನಾಗಿ ನೆನಪಿತ್ತು: ಚಾಕು, ಬಿಸಿಲು, ಇರುವೆ ಕಚ್ಚಿದ್ದು ಎಲ್ಲ. ಇಷ್ಟು ಸ್ಪಷ್ಟವಾದ ನೆನಪನ್ನು ನಂಬಬಾರದು. ಊರಿನ ಬಸ್ಸು ಹಿಡಿದೆ.

ದೊಡ್ಡವ್ವ ಹೊಲದಲ್ಲಿ ಕಡಲೆ ಸೊಪ್ಪು ಚಿವುಟುತ್ತಿದ್ದಳು.

“ದೊಡ್ಡವ್ವಾ, ಹ್ವಾದ ವರ್ಷ ನಾ ಎಲ್ಲಿ ಕೆರದಿದ್ನಿ?”

“ನೀ ಕೆರದದ್ದು ನಾ ಹೇಳಬೇಕೇನೋ ತಮ್ಮಾ? ಎಳ್ಳ ಅಮಾಸಿ ದಿನ ಎಲ್ಲಾರೂ ಉಣ್ಣಾಕತ್ತಿದ್ರ, ನೀ ಪೂಜಿ ಕಲ್ಲಿನ ಮುಂದ ಚಾಕು ಹಿಡಕೊಂಡು ಕುಂತಿದ್ದಿ. ದೇವರಿಗೆ ಹಜಾಮತಿ ಮಾಡಾಕತ್ತಾನ ಅಂತ ನಿಮ್ಮ ಕಾಕಾ ನಕ್ಕಿದ್ದ.”

ನಮ್ಮ ಕಡೆ ಎಳ್ಳ ಅಮಾವಾಸ್ಯೆಗೆ ಬನ್ನಿಗಿಡದ ಬುಡದಲ್ಲಿ ಐದು ಕಲ್ಲು ಇಟ್ಟು ಪೂಜಿಸುತ್ತಾರೆ. ನಮ್ಮವು ಪ್ರತಿ ವರ್ಷ ಅವೇ ಐದು.

“ಕಲ್ಲಿಗೆ ಏನ ಹಚ್ತಿ?” ಎಂದೆ. ಉತ್ತರ ಕೇಳುವ ಧೈರ್ಯವಿರಲಿಲ್ಲ.

“ಮತ್ತೇನ ಹಚ್ತಾರ? ಅರಿಷಿಣ.”

ಈ ಸಲದ ಅರಿಷಿಣ ಇನ್ನೂ ಕಲ್ಲಿನ ಮೇಲಿತ್ತು. ಚೀಲದಿಂದ ಕ್ಷಾರದ ಸೀಸೆ ತೆಗೆದು ಅದರ ಮೇಲೆ ಒಂದು ಹನಿ ಬಿಟ್ಟೆ. ಕಡುಗೆಂಪು. ಪಕ್ಕದಲ್ಲಿ ಅರಿಷಿಣ ತಾಗದ ಹೊಪ್ಪಳೆಯ ಮೇಲೆ ಇನ್ನೊಂದು ಹನಿ ಬಿಟ್ಟು ಕಾದೆ. ಏನೂ ಆಗಲಿಲ್ಲ. ಇನ್ನೂ ಸ್ವಲ್ಪ ಕಾದೆ.

ದೊಡ್ಡವ್ವ ಬಗ್ಗಿ ನೋಡಿದಳು. “ಅರಿಷಿಣಕ್ಕ ಸುಣ್ಣ ಕೂಡಿಸಿದ್ರೂ ಹಿಂಗ ಕೆಂಪ ಆಗ್ತೈತಿ. ಆರತಿ ನೀರು ಹೆಂಗ ಮಾಡ್ತೇವಂತ ತಿಳದಿ? ಇದನ್ನ ಕಲಿಯಾಕ ಇಷ್ಟ ವರ್ಷ ಹಿಡೀತೇನು?”

“ನೀ ಅವತ್ತ ಹೇಳಬಾರದಿತ್ತ?”

“ನೀ ಕೇಳಿದ್ದೇನು?”

ಬದುವಿನ ಮೇಲೆ ಕೂತು ಗೈಡಿಗೆ ಫೋನು ಮಾಡಿದೆ. ಅಧ್ಯಾಯ ತೆಗೆಯಬೇಕು, ಅದು ಅರಿಷಿಣ ಎಂದೆ.

“ಹಂಗಾದ್ರ ಪ್ರಬಂಧಕ್ಕ ಇನ್ನೂ ಆರು ತಿಂಗಳು ಹಿಡೀತದ್ರಿ,” ಎಂದರು ಅವರು. “ಉಳದ ಪೊಟ್ಟಣಾನೂ ತಗೊಂಡು ಹೋಗಿ, ಒಂದೊಂದಾಗಿ ನಿಮ್ಮ ದೊಡ್ಡವ್ವಗ ತೋರಿಸ್ಕೊಂಡು ಬರ್ರಿ.”