ಬಾವಿ ಸಾಲಿನ ಕಡ್ಡಿ

ದ್ರಾಕ್ಷಿ ಬಳ್ಳಿಯಲ್ಲಿ ಗೊನೆ ಎಲ್ಲಿ ಕೂತಿದೆ ಎಂಬುದು ಬರಿಗಣ್ಣಿಗೆ ಕಾಣುವುದಿಲ್ಲ. ಏಪ್ರಿಲ್ ಚಾಟ್ನಿಯಲ್ಲಿ, ಅಂದರೆ ಕಡ್ಡಿ ಕತ್ತರಿಸುವ ಕೆಲಸದಲ್ಲಿ, ಸವರಿದ ಬಳ್ಳಿ ಮತ್ತೆ ಚಿಗುರಿ, ಮಳೆಗಾಲ ಮುಗಿಯುವ ಹೊತ್ತಿಗೆ ಅದರ ಕಡ್ಡಿಗಳು ಕಂದು ಬಣ್ಣಕ್ಕೆ ತಿರುಗುತ್ತವೆ. ಒಂದೊಂದು ಕಡ್ಡಿಯ ಮೇಲೆ ಬುಡದಿಂದ ತುದಿಯವರೆಗೆ ಚಿಗುರೊಡೆಯುವ ಹತ್ತು ಹನ್ನೆರಡು ಕಣ್ಣು. ಅವುಗಳಲ್ಲಿ ಒಂದೆರಡರಲ್ಲಿ ಗೊನೆ ಇರುತ್ತದೆ. ಉಳಿದವುಗಳಲ್ಲಿ ಬರಿಯ ಎಲೆ, ಇಲ್ಲವೇ ತಂತಿಗೆ ಸುತ್ತಿಕೊಳ್ಳುವ ಕುಡಿ, ನಮ್ಮ ಕಡೆಯವರು ಬಾಳಿ ಎನ್ನುವುದು. ಅಕ್ಟೋಬರ್ ಚಾಟ್ನಿಯಲ್ಲಿ ಕತ್ತರಿ ಎಷ್ಟನೇ ಕಣ್ಣಿನ ಮೇಲೆ ಬೀಳಬೇಕು ಎಂಬುದನ್ನು ಇದೇ ನಿರ್ಧರಿಸುತ್ತದೆ. ಕತ್ತರಿ ತಪ್ಪಿದರೆ ಆ ವರ್ಷದ ಫಸಲು ನೆಲಕ್ಕೆ ಬಿತ್ತು.

ಅದಕ್ಕೇ ಅಥಣಿ, ಕಾಗವಾಡ ಕಡೆಯ ತೋಟದವರು ಗಣಪತಿ ಹೋದ ಮೇಲೆ ಕೆಲವು ಕಡ್ಡಿ ಕೊಯ್ದು, ಒದ್ದೆ ಬಟ್ಟೆಯಲ್ಲಿ ಸುತ್ತಿಕೊಂಡು, ಗಡಿ ದಾಟಿ ಮಿರಜ ಕಡೆ ಬಸ್ಸು ಹತ್ತುತ್ತಾರೆ. ಅಲ್ಲಿ ಔಷಧಿ ಅಂಗಡಿಯೊಂದರ ಹಿಂದಿನ ಕೋಣೆಯಲ್ಲಿ ಸೂಕ್ಷ್ಮದರ್ಶಕ ಇಟ್ಟುಕೊಂಡು ಕಡ್ಡಿ ತಪಾಸಣೆ ಮಾಡುತ್ತಾರೆ.

ನಾನು ಚಿಕ್ಕೋಡಿಯಲ್ಲಿ ಒಂದು ದಿನಪತ್ರಿಕೆಯ ವರದಿಗಾರ. ಹೆಚ್ಚು ದಿನ ಕಳೆದದ್ದು ಕೋರ್ಟಿನ ವರಾಂಡದಲ್ಲಿ. ಊರಿನಲ್ಲಿರುವ ತೋಟ ಅಣ್ಣನದು. ಜಮೀನಿನ ಉತಾರದಲ್ಲಿ ಅಣ್ಣನ ಹೆಸರಿದೆ. ನೆಟ್ಟದ್ದು, ಬೆಳೆಸಿದ್ದು ಅವನ ಹೆಂಡತಿ, ನನ್ನ ವೈನಿ. ಅಣ್ಣನಿಗೆ ಕಬ್ಬೇ ಸಾಕಾಗಿತ್ತು. ಕಬ್ಬು ಹಚ್ಚಿ ನೀರು ಬಿಟ್ಟರೆ ಆಯಿತು, ದ್ರಾಕ್ಷಿ ದಿನಾ ಮುಖ ತೋರಿಸಬೇಕು ಅನ್ನುತ್ತದೆ ಎಂದು ಅವನ ವಾದ. ವೈನಿ ಹಟ ಹಿಡಿದು ಒಂದು ಎಕರೆ ಬಳ್ಳಿ ಹಾಕಿಸಿದರು. ಎರಡು ವರ್ಷ ಒಂದೇ ಸಮ ಗೊನೆ ಕಡಿಮೆ ಬಂದಾಗ, ಮೂರನೆಯ ವರ್ಷದ ಏಪ್ರಿಲ್ ಚಾಟ್ನಿಯ ದಿನ ಅಣ್ಣ ಕಟ್ಟೆಯ ಮೇಲೆ ಕೂತು ಹೇಳಿದ:

“ಇದೊಂದ ವರ್ಷ ನೋಡ್ತೀನಿ. ಮಾಲ್ ಬರಲಿಲ್ಲಂದ್ರ ತಂತಿ ಬಿಚ್ಚಿ ಕಬ್ಬ ಹಚ್ಚೂದ. ಉಗಾರ ಬುದ್ರುಕದ ಬೀಗರಿಗೆ ಬೀಜಕ್ಕ ಹೇಳಿ ಇಟ್ಟೀನಿ.”

ವೈನಿ ಕಸಬರಿಗೆ ಬಿಡದೆಯೇ ಅಂದರು: “ಜೀವಾ ಹೋಗೂಕಿಂತ ಮೊದಲ ಕಟಿಗಿ ಒಟ್ಟೂ ಮಂದಿ ಇವ್ರು.”

ಆ ವರ್ಷ ತಪಾಸಣೆಗೆ ಕಡ್ಡಿ ಒಯ್ಯುವ ಕೆಲಸ ನನಗೆ ಬಂತು. ರಜೆ ಇತ್ತು, ಹಿಂದಿನ ದಿನವೇ ಊರಿಗೆ ಹೋಗಿದ್ದೆ. ಬೆಳಿಗ್ಗೆ ವೈನಿ ಅಣ್ಣನಿಗೆ ಸ್ಪಷ್ಟವಾಗಿ ಹೇಳಿದ್ದನ್ನು ನಾನೇ ಕೇಳಿದ್ದೇನೆ: “ಎಲ್ಲಾ ಕಡಿಂದೂ ತಗೀರಿ. ತೆಳಗಿನ ಪಟ್ಟ್ಯಾಗ ಬ್ಯಾಸಿಗ್ಯಾಗ ಹೆಚ್ಚಿನ ಚಿಗರ ಕಡಿಮಿ ಮಾಡಾಕ ಆಳ ಹದಿನೈದ ದಿನಾ ತಡಾ ಬಂದಾರ. ಎಲಿ ಕತ್ತಲಿ ಗವ್ ಅಂತಿತ್ತ. ಅಲ್ಲಿ ಲೆಕ್ಕಾನ ಬ್ಯಾರೆ ಇರತೈತಿ.”

ಅಣ್ಣ ತೋಟಕ್ಕೆ ಹೋಗಿ ಹತ್ತು ಕಡ್ಡಿ ತಂದ. ಹತ್ತೂ ಬಾವಿ ಪಕ್ಕದ ಒಂದೇ ಸಾಲಿನವು. ಹೆಬ್ಬೆರಳು ದಪ್ಪ, ನೇರ, ಎಣ್ಣೆ ಹಚ್ಚಿದಂಥ ಮೈ. ಬಟ್ಟೆಯಲ್ಲಿ ಸುತ್ತುವ ಮೊದಲು ಪಕ್ಕದ ಮನೆಯವರಿಗೂ ತೋರಿಸಿದ.

“ತೆಳಗಿನ ಪಟ್ಟೀವು?” ಎಂದೆ.

“ಅವನ್ಯಾಕ? ಸೊರಗಿದ ಕಡ್ಡಿ ಒಯ್ದ ಅಲ್ಲಿ ಇಟ್ರ ನಗತಾರ. ಹೆಣ್ಣ ನೋಡಾಕ ಬಂದಾಗ ಹರಕ ಸೀರಿ ಉಡಿಸ್ತೇವೇನಲೇ?”

“ಇದ ಹೆಣ್ಣ ತೋರಿಸೂದಲ್ಲ ಅಣ್ಣಾ. ರಕ್ತ ತಪಾಸಣಿ ಇದ್ದಂಗ.”

“ರಕ್ತಾನೂ ಚಲೋ ಕೈಯಾಗಿಂದನ ತಗೀತಾರ. ನಡಿ, ಬಸ್ ಹೋದೀತು.”

ಬಸ್ಸು ಹೋದೀತು ಎಂಬ ಮಾತಿಗೆ ನಾನು ಎದ್ದೆ. ಕೆಳಗಿನ ಪಟ್ಟಿ ಮನೆಯಿಂದ ಹತ್ತು ನಿಮಿಷದ ದಾರಿ. ಮುಂದಿನ ಬಸ್ಸು ಅರ್ಧ ಗಂಟೆಗೆ ಇತ್ತು. ಇದು ನನಗೆ ಆಗಲೂ ಗೊತ್ತಿತ್ತು.

ಮಿರಜದ ಆ ಕೋಣೆಯಲ್ಲಿ ಉದ್ದ ಬೆಂಚು, ಬೆಂಚಿನ ಮೇಲೆ ನಮ್ಮಂಥವರೇ ಆರೇಳು ಜನ, ಎಲ್ಲರ ತೊಡೆಯ ಮೇಲೂ ಒದ್ದೆ ಗಂಟು. ಒಬ್ಬರು ಇನ್ನೊಬ್ಬರ ಗಂಟು ಬಿಚ್ಚಿಸಿ ನೋಡಿ, “ಇದ ಕಡ್ಡಿ ಐತ್ಯೋ ಬಡಿಗಿ ಐತ್ಯೋ!” ಎಂದು ಹೊಗಳುತ್ತಿದ್ದರು. ಎಲ್ಲರ ಕಡ್ಡಿಗಳೂ ಹೆಬ್ಬೆರಳು ದಪ್ಪವೇ. ಮೇಜಿನ ಹಿಂದೆ ಬ್ಲೇಡು ಹಿಡಿದು ಕೂತಿದ್ದ ಹುಡುಗಿ ನನ್ನ ಗಂಟು ಬಿಚ್ಚಿ ನಿಟ್ಟುಸಿರು ಬಿಟ್ಟಳು.

“ಕಾಕಾ, ಎಲ್ಲಾರೂ ಪೈಲವಾನ್ ಕಡ್ಡೀನ ತರತೀರಿ. ಬಾಕಿಚೆ ಕುಠೇ? ಉಳದಾವ ಎಲ್ಲಿ ಅದಾವ?”

ಅವಳು ಕೊಟ್ಟ ಫಾರ್ಮಿನಲ್ಲಿ ‘ಮಾದರಿ ಎಲ್ಲಿಂದ’ ಎಂಬ ಸಾಲು ಇತ್ತು. ನಾನು ಬರೆದೆ: ‘ತೋಟದಿಂದ, ಮಾಲೀಕರು ತಿಳಿಸಿದಂತೆ.’ ಸುದ್ದಿಮನೆಯಲ್ಲಿ ವರ್ಷಗಟ್ಟಲೆ ಕಲಿತ ಉಪಾಯ ಇದು. ಹೇಳಿದವರ ಹೆಗಲಿಗೆ ಹೊರಿಸಿದರೆ ಬರೆದವನು ಬಚಾವು. ಆ ವಾಕ್ಯದಲ್ಲಿ ಸುಳ್ಳು ಇರಲಿಲ್ಲ.

ಹುಡುಗಿ ಒಂದೊಂದೇ ಕಣ್ಣನ್ನು ಸೀಳಿ ನೋಡಿ ಅಂಕಿ ಬರೆಯುತ್ತ ಹೋದಳು. ನನ್ನ ಕುತೂಹಲ ನೋಡಿ ಜಾಗ ಬಿಟ್ಟುಕೊಟ್ಟಳು. ಹೊರಗಿನ ಕಂದು ಸಿಪ್ಪೆ, ಅದರೊಳಗೆ ಉಣ್ಣೆಯಂಥ ಕೂದಲು, ಅದರ ನಡುವೆ ಸಾಸಿವೆಗಿಂತ ಸಣ್ಣದಾದ ಹಸಿರು ಬಿಳುಪಿನ ಉಬ್ಬುಗಳ ಗುಂಪು. ಜನವರಿ, ಫೆಬ್ರುವರಿಯಲ್ಲಿ ತೂಗುವ ಗೊನೆ ಅದು. ಪಕ್ಕದಲ್ಲಿದ್ದ ಇನ್ನೊಂದು, ಹೆಚ್ಚು ಶಕ್ತಿಯ ಸೂಕ್ಷ್ಮದರ್ಶಕದಲ್ಲಿ ತೆಳುವಾದ ಚೂರೊಂದನ್ನು ಇಟ್ಟು ತೋರಿಸಿದಳು. ಒತ್ತಿಕೊಂಡು ಕೂತ ಗೋಡೆಗಳು, ಗೋಡೆಯೊಳಗೆ ಚುಕ್ಕೆ, ಮತ್ತೆ ಗೋಡೆ. ಬೇಸಿಗೆಯಲ್ಲಿ ಈ ಜೀವಕೋಶಗಳ ಮುದ್ದೆ ಗೊನೆಯೂ ಅಲ್ಲ, ಬಾಳಿಯೂ ಅಲ್ಲ ಎಂದು ಅವಳು ವಿವರಿಸಿದಳು. ಆಗ ಬಿಸಿಲು ಮತ್ತು ಆಹಾರ ಸಾಕಷ್ಟು ಸಿಕ್ಕರೆ ಗೊನೆಯ ದಾರಿ ಹಿಡಿಯುತ್ತದೆ. ಎಲೆಯ ಕತ್ತಲೆಯಲ್ಲಿ ಸಿಕ್ಕಿಕೊಂಡರೆ ಬಾಳಿ. “ಈಗ ನಾ ಏನೂ ಬದಲಿ ಮಾಡಾಕ ಬರೂದಿಲ್ರಿ ಕಾಕಾ. ಆಗಿದ್ದನ್ನ ಹೇಳತೀನಿ ಅಷ್ಟ.”

ನಾನು ಜೀವಕೋಶವನ್ನು ನಿಜವಾಗಿ ನೋಡಿದ್ದು ಅಂದೇ ಮೊದಲು. ಹೈಸ್ಕೂಲಿನಲ್ಲಿ ಉಳ್ಳಾಗಡ್ಡಿಯ ಪೊರೆ ತೋರಿಸಿದ್ದರು. ಒಂದು ಸೂಕ್ಷ್ಮದರ್ಶಕ, ಇಡೀ ತರಗತಿಯ ಸಾಲು. ನನ್ನ ಪಾಳಿಯಲ್ಲಿ ಕಂಡದ್ದು ನನ್ನದೇ ರೆಪ್ಪೆಯ ಕೂದಲು. “ಕಂಡಿತಿಲ್ಲೋ? ಕಂಡಿತಂತ ಹೇಳಿ ಮುಂದ ನಡಿ” ಎಂದರು ಮಾಸ್ತರರು. ಕಂಡಿತು ಅಂದೆ. ಪುಸ್ತಕದ ಚಿತ್ರವನ್ನು ನೋಟ್‌ಬುಕ್ಕಿಗೆ ಇಳಿಸಿದೆ. ಪೂರ್ತಿ ಅಂಕ ಬಂತು.

ಆಮೇಲೆ ಈ ಉಪಕರಣದ ಚರಿತ್ರೆ ಓದಿದೆ. ಮೂರೂವರೆ ಶತಮಾನದ ಹಿಂದೆ ಬೆಂಡಿನ ತೆಳು ಚೂರನ್ನು ಮಸೂರದ ಕೆಳಗಿಟ್ಟವರಿಗೆ ಸಣ್ಣ ಸಣ್ಣ ಕೋಣೆ ಕಂಡವು. ಅವು ಖಾಲಿ ಕೋಣೆಗಳು. ಬದುಕಿದ್ದ ಒಳಭಾಗ ಒಣಗಿ ಹೋಗಿ ಗೋಡೆ ಮಾತ್ರ ಉಳಿದಿತ್ತು. ಗಿಡ, ಪ್ರಾಣಿ, ಮನುಷ್ಯ ಎಲ್ಲವೂ ಇಂಥ ಕೋಶಗಳಿಂದಲೇ ಆದದ್ದು ಎಂದು ಹೇಳಲು ಮತ್ತೆ ಹೆಚ್ಚು ಕಡಿಮೆ ಇನ್ನೂರು ವರ್ಷ ಹಿಡಿಯಿತು. ಮಸೂರಗಳು ಬಣ್ಣದ ಅಂಚು ಮೂಡಿಸಿ ಮೋಸ ಮಾಡುತ್ತಿದ್ದವು, ಅವುಗಳನ್ನು ತಿದ್ದಿದರು. ನೋಡುವವರೂ ಮೋಸ ಹೋಗುತ್ತಿದ್ದರು. ವೀರ್ಯದ ಹನಿಯೊಳಗೆ ಕೈಕಾಲು ಮಡಚಿ ಕೂತ ಪುಟ್ಟ ಮನುಷ್ಯ ಇರಲೇಬೇಕೆಂದು ಚಿತ್ರ ಬರೆದವರಿದ್ದರು. ಗಾಜು ಎಷ್ಟು ಸುಧಾರಿಸಿದರೂ ಅದರ ಕೆಳಗೆ ಏನನ್ನು ಇಡಬೇಕು ಎಂಬುದು ಇಡುವವನ ಕೈಯಲ್ಲೇ ಉಳಿಯಿತು. ನಾನು ಇಟ್ಟದ್ದು ಬಾವಿ ಸಾಲಿನ ಕಡ್ಡಿ.

ವರದಿ ಬಂತು. ಗೊನೆ ಆರು ಮತ್ತು ಏಳನೆಯ ಕಣ್ಣಿನಲ್ಲಿದೆ, ಏಳರ ಮೇಲೆ ಕತ್ತರಿ ಹಾಕಬಹುದು. ಅಣ್ಣ ಅದನ್ನು ಮಡಚಿ ಅಂಗಿಯ ಜೇಬಿನಲ್ಲಿಟ್ಟುಕೊಂಡು ನಾಲ್ಕು ದಿನ ಊರೆಲ್ಲ ತಿರುಗಿದ.

ಅಕ್ಟೋಬರ್ ಚಾಟ್ನಿಯ ದಿನ ನಾನು ಚಿಕ್ಕೋಡಿ ಕೋರ್ಟಿನಲ್ಲಿದ್ದೆ. ವೈನಿಯ ಫೋನು ಬಂತು.

“ತಮ್ಮಾ, ತೆಳಗಿನ ಪಟ್ಟಿಗೂ ಏಳಕ್ಕ ಹೊಡ್ಯಾಕತ್ತಾರ. ನಾ ಹೇಳಿದ್ರ ಕೇಳವಲ್ರು. ನೀವರ ಹೇಳ್ರಿ.”

ಅಣ್ಣನಿಗೆ ಫೋನು ಮಾಡಿದೆ.

“ರಿಪೋರ್ಟ್ ತಂದಾವ ನೀನ,” ಎಂದ. “ಏಳಂತ ಅದರಾಗ ಬರದೈತಿ. ಈಗ ನೀನ ಅಲ್ಲಂತೀಯಾ?”

“ಅದ ಬಾವಿ ಸಾಲಿನ ರಿಪೋರ್ಟ್, ಅಣ್ಣಾ.”

“ತ್ವಾಟ ಒಂದ ಐತ್ಯೋ ಎರಡ ಅದಾವೋ? ಆಳ ನಿಂತಾವ, ಇಡ ಫೋನ.”

ಫಾರ್ಮಿನಲ್ಲಿ ‘ಬಾವಿ ಸಾಲು’ ಎಂದು ನಾನೇ ಬರೆದಿರಲಿಲ್ಲ. ಪಂಚನಾಮೆಯಲ್ಲಿ ಜಾಗ ಸರಿಯಾಗಿ ನಮೂದಿಸಿಲ್ಲವೆಂದು ಸಾಕ್ಷ್ಯ ಬಿದ್ದುಹೋದ ಪ್ರಕರಣಗಳನ್ನು ನಾನು ಎಷ್ಟೋ ಸಲ ವರದಿ ಮಾಡಿದ್ದೇನೆ, ತನಿಖಾಧಿಕಾರಿಯ ನಿರ್ಲಕ್ಷ್ಯ ಎಂದು ಕೂಡ ಸೇರಿಸಿ.

ಮಧ್ಯಾಹ್ನದ ಬಸ್ಸಿಗೆ ಹೋದೆ. ತೋಟ ತಲುಪುವ ಹೊತ್ತಿಗೆ ಆಳುಗಳು ಕತ್ತರಿ ತೊಳೆಯುತ್ತಿದ್ದರು. ಕೆಳಗಿನ ಪಟ್ಟಿಯಲ್ಲಿ ವೈನಿ ಒಬ್ಬರೇ ಬಗ್ಗಿ, ನೆಲದ ಮೇಲೆ ಬಿದ್ದ ಕಡ್ಡಿಯ ತುದಿಗಳನ್ನು ಆರಿಸಿ ಸೆರಗಿನಲ್ಲಿ ಹಾಕಿಕೊಳ್ಳುತ್ತಿದ್ದರು. ಎಂಟನೆಯ ಕಣ್ಣಿನಿಂದ ಮುಂದಿನ ತುಂಡುಗಳು. ಯಾಕೆ ಎಂದು ಕೇಳಿದೆ.

“ಒಯ್ದ ತೋರಸೂನು. ನಾಳೆ ನಾನೂ ಬರತೀನಿ,” ಎಂದರು.

ಮರುದಿನ ಇಬ್ಬರೂ ಹೋದೆವು. ಹುಡುಗಿ ತುಂಡುಗಳನ್ನು ನೋಡಿದಳು, ನಮ್ಮ ಮುಖ ನೋಡಿದಳು, ಬ್ಲೇಡು ಎತ್ತಿಕೊಂಡು ಸೀಳತೊಡಗಿದಳು. ಒಂಬತ್ತು ಮತ್ತು ಹತ್ತರಲ್ಲಿ ಗೊನೆ. ಮತ್ತೊಂದು ತುಂಡಿನಲ್ಲಿಯೂ ಒಂಬತ್ತು, ಹತ್ತು. ಹೆಚ್ಚಿನ ಚಿಗುರು ತೆಗೆದು ಬೆಳಕು ಬಿದ್ದ ಮೇಲೆ ಬೆಳೆದ ಕಣ್ಣುಗಳು ಅವು. ವೈನಿ ಎದ್ದು, ಕನ್ನಡಕ ತೆಗೆದು ಸೂಕ್ಷ್ಮದರ್ಶಕಕ್ಕೆ ಬಗ್ಗಿದರು. ಬಹಳ ಹೊತ್ತು ನೋಡಿದರು.

“ಜ್ವಾಳದ ತೆನಿ ಹಾಲಗಾಳಿನ್ಯಾಗ ಇದ್ದಂಗ ಐತಲ್ರಿ,” ಎಂದರು. ಆಮೇಲೆ ಹುಡುಗಿಗೆ: “ಹಿಂಗ ಎಷ್ಟ ಬಿದ್ದಾವ ನೆಲದಾಗ, ಗೊತ್ತೈತೇನವಾ? ಪಟ್ಟಿ ತುಂಬ ಬಿದ್ದಾವ.”

ಎರಡನೆಯ ವರದಿಯನ್ನು ಅಣ್ಣನ ಮುಂದಿಟ್ಟೆ. ಎರಡು ಸಲ ಓದಿದ. ಗಡಿಯಾಚೆಯ ಮರಾಠಿ ಅಕ್ಷರವನ್ನು ಬೆರಳಿಟ್ಟು ಓದಿದ.

“ಇದನ್ನ ಮೊದಲ ತರಬೇಕಿತ್ತಲ್ಲ,” ಎಂದ.

ಒಳಗೆ ರೊಟ್ಟಿ ತಟ್ಟುವ ಸಪ್ಪಳ ಒಮ್ಮೆಲೇ ಜೋರಾಯಿತು. ನಾನು ಸಿಟ್ಟಿನಲ್ಲಿ ಹೊರಗೆ ಹೋಗಿ ನಿಂತೆ. ಯಾರ ಮೇಲೆ ಸಿಟ್ಟು ಎಂದು ವಿಂಗಡಿಸಲು ಆಗಲಿಲ್ಲ.

ಮುಂದಿನದು ಬರೆದಿಟ್ಟಂತೆ ನಡೆಯಿತು. ಬಾವಿ ಕಡೆ ಚಿಗುರಿನ ಜೊತೆ ಗೊನೆ ಬಂತು. ಕೆಳಗಿನ ಪಟ್ಟಿಯಲ್ಲಿ ಎಲೆ ಬಂತು, ಬಾಳಿ ಬಂತು, ಹಸಿರು ಸೊಗಸಾಗಿ ಹಬ್ಬಿತು. ದಾರಿಯಲ್ಲಿ ಹೋಗುವವರು ತೋಟ ಚಲೋ ಐತಿ ಎನ್ನುತ್ತಿದ್ದರು. ಮಾಲು ಇಳಿದ ಮೇಲೆ ಅಣ್ಣ ತನ್ನ ಮಾತನ್ನು ಅರ್ಧ ಉಳಿಸಿಕೊಂಡ. ಕೆಳಗಿನ ಪಟ್ಟಿಯ ತಂತಿ ಬಿಚ್ಚಿದ; ಉಗಾರದ ಬೀಗರ ಕಬ್ಬಿನ ಬೀಜ ಬಂತು. ಬಾವಿ ಕಡೆಯದು ಉಳಿಯಿತು. ಕೆಳಗಿನ ಪಟ್ಟಿಯ ಬಳ್ಳಿಗಳು ಬಂಜೆಯಲ್ಲ ಎಂದು ವೈನಿ ಎರಡನೆಯ ವರದಿ ಹಿಡಿದು ವಾದಿಸಿದರು. “ಹೋದ ಗೊನಿ ಲೆಕ್ಕಾ ಯಾಕ?” ಎಂದ ಅಣ್ಣ. ಬೇರು ಕೀಳುವ ದಿನ ವೈನಿ ತೋಟಕ್ಕೆ ಹೋಗಲಿಲ್ಲ.

ಮರುವರ್ಷ ಉಳಿದ ಭಾಗದ ಕಡ್ಡಿಗಳನ್ನು ವೈನಿಯೇ ಕೊಯ್ದರು. ನಾಲ್ಕು ಮೂಲೆ, ಒಂದು ನಡು. ದಪ್ಪ, ತೆಳು, ಸೊಟ್ಟ, ಎಲ್ಲ ಬೆರೆಸಿ, ಜಾಗಕ್ಕೊಂದು ಬಣ್ಣದ ದಾರ ಕಟ್ಟಿದರು. ಹತ್ತು ಕಡ್ಡಿ. ನನ್ನ ಕಣ್ಣೆದುರೇ ಎಣಿಸಿ ಗಂಟು ಕಟ್ಟಿದರು. ಗಂಟು ಕಟ್ಟೆಯ ಮೇಲಿತ್ತು, ನಾನು ಚಹಾ ಕುಡಿಯಲು ಒಳಗೆ ಹೋದೆ. ಅಣ್ಣ ಹೊರಗೆ ಕೂತಿದ್ದ.

“ಇಂಥಾವೆಲ್ಲಾ ಒಯ್ದ ನಮ್ಮ ಮನಿ ಮರ್ಯಾದಿ ತಗೀರಿ ಇನ್ನ,” ಎಂದು ಬಸ್ಸಿಗೆ ಹೊರಟಾಗ ಗೊಣಗಿದ.

ಬೆಂಚಿನ ಮೇಲೆ ಅದೇ ಪೈಲವಾನ್ ಕಡ್ಡಿಗಳ ಮೆರವಣಿಗೆ. ಹುಡುಗಿ ನಮ್ಮ ಗಂಟು ಬಿಚ್ಚಿದಳು. ಹನ್ನೊಂದು ಇದ್ದವು. ಹನ್ನೊಂದನೆಯದು ಹೆಬ್ಬೆರಳು ದಪ್ಪ, ನೇರ, ಒರೆಸಿ ಫಳಫಳ ಮಾಡಿದ್ದು. ಅದಕ್ಕೆ ದಾರವಿರಲಿಲ್ಲ.

ಫಾರ್ಮು ತೆಗೆದುಕೊಂಡು ‘ಮಾದರಿ ಎಲ್ಲಿಂದ’ ಎಂಬ ಸಾಲಿನಲ್ಲಿ, ಜಾಗ ಸಾಲದೆ ಅಂಚಿಗೂ ಹಬ್ಬಿಸಿ, ಪಂಚನಾಮೆಯಂತೆ ಬರೆದೆ: ಕೆಂಪು ದಾರ ಈಶಾನ್ಯ ಮೂಲೆ, ಎರಡು ಕಡ್ಡಿ, ಹಳದಿ ದಾರ ಆಗ್ನೇಯ, ಎರಡು, ಹೀಗೆ ಐದೂ ಬಣ್ಣ. ಕೊನೆಗೆ: ದಾರವಿಲ್ಲದ ಕಡ್ಡಿ ಒಂದು, ಬಾವಿ ಸಾಲಿನದು, ಮಾದರಿಗೆ ಸೇರಿದ್ದಲ್ಲ, ಅಣ್ಣ ಇಟ್ಟದ್ದು.

“ಇದನ್ನ ಏನ ಮಾಡಲಿ ಕಾಕಾ?” ಎಂದಳು ಹುಡುಗಿ.

“ಬಾಜೂಕ ಇಡವಾ,” ಎಂದೆ. ಅವಳು ಅದನ್ನು ಮೇಜಿನ ತುದಿಗೆ ಸರಿಸಿ, ಕೆಂಪು ದಾರದ ಸೊಟ್ಟ ಕಡ್ಡಿಯೊಂದನ್ನು ಎತ್ತಿಕೊಂಡು ಬ್ಲೇಡು ಹಾಕಿದಳು.