ಘಾಟಿನಲ್ಲಿ ಹುಡುಕಿದ ಕೌದಿ

ಡಿಸೆಂಬರ್ ಬಂತೆಂದರೆ ನನಗೆ ಸಿಟ್ಟು ಬರುತ್ತದೆ. ಗೋವಾದಲ್ಲಿ ಅದು ಪ್ರವಾಸಿಗರ ತಿಂಗಳು, ಧಂದೆಯ ತಿಂಗಳು, ಎಲ್ಲರೂ ನಗುನಗುತ್ತಾ ಇರುತ್ತಾರೆ. ನನಗೆ ಮಾತ್ರ ಹಳೆಯ ಮೋಟಾರ್‌ಸೈಕಲ್ಲಿನ ಸದ್ದು ಕಿವಿಗೆ ಬಿದ್ದರೆ ಸಾಕು, ನನ್ನ ಬೆನ್ನಿಗೆ ಒರಗಿ ಕೂತಿದ್ದ ಮುದುಕನೊಬ್ಬನ ನಡುಕ ನೆನಪಾಗುತ್ತದೆ. ಸಿಟ್ಟು ಬೇರೆ ಯಾರ ಮೇಲೂ ಅಲ್ಲ.

ಎಂಬತ್ತರ ದಶಕದ ಕೊನೆಯ ಮಾತು. ಕೊರ್ತಾಲಿಮ್‌ನಲ್ಲಿ ಸೇತುವೆಯ ಹತ್ತಿರ ಒಂದು ತಗಡಿನ ಖೋಲಿಯಲ್ಲಿ ಅವ್ವ, ನಾನು, ನನ್ನ ಹೆಂಡತಿ ಇದ್ದೆವು. ಅಪ್ಪ ತೀರಿಹೋಗಿ ವರ್ಷವಾಗಿತ್ತು. ನಾನೂ ಹೆಂಡತಿಯೂ ಮ್ಹಾಪಸಾದ ಆಚೆಯ ಸಮುದ್ರದಂಡೆಯಲ್ಲಿ ಕನ್ನಡಿ ಚೀಲ, ಮಣಿಸರ, ಹಳ್ಳಿಗಳಿಂದ ತಂದ ಹಳೆಯ ಕೌದಿ ಮಾರುತ್ತಿದ್ದೆವು. ಅಷ್ಟು ದೂರ ಹೋಗಿಬರಲೆಂದು ಒಬ್ಬ ಪೈಲಟ್‌ನಿಂದ ಹಳೆಯ ಗಾಡಿ ಕೊಂಡಿದ್ದೆ. ಬಾಡಿಗೆ ಮೋಟಾರ್‌ಸೈಕಲ್ ಓಡಿಸುವವರನ್ನು ಇಲ್ಲಿ ಪೈಲಟ್ ಎನ್ನುತ್ತಾರೆ. ಮುಂದಿನ ಮಡ್‌ಗಾರ್ಡಿನ ಹಳದಿ ಬಣ್ಣ ಹಾಗೇ ಇತ್ತು, ಅದರಿಂದ ದಾರಿಯಲ್ಲಿ ನಾಲ್ಕು ಮಂದಿ ಕೈಮಾಡಿ ನಿಲ್ಲಿಸುತ್ತಿದ್ದರು.

ಚೊಚ್ಚಲ ಹೆರಿಗೆಗೆ ಹೆಂಡತಿ ಯರಗಟ್ಟಿಯ ಆಚೆಯ ತವರಿಗೆ ಹೋಗಿದ್ದಳು. ಹೆಣ್ಣು ಹುಟ್ಟಿದೆ, ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕುತ್ತೇವೆ, ಬನ್ನಿ ಎಂದು ಪತ್ರ ಬಂತು. ಅವ್ವನಿಗೆ ಮೊಣಕಾಲು ನೋವು, ಬಸ್ಸು ಹತ್ತುವಂತಿರಲಿಲ್ಲ. ಆದರೆ ತೊಟ್ಟಿಲಿಗೆ ಹಾಸುವ ಕೌದಿಯನ್ನು ಅವಳು ಎರಡು ತಿಂಗಳ ಮೊದಲೇ ಹೊಲಿಯಲು ಕೂತಿದ್ದಳು. ಕಣ್ಣು ಮಂಜಾಗಿತ್ತು, ಸೂಜಿಗೆ ದಾರ ನಾನೇ ಪೋಣಿಸಿ ಕೊಡುತ್ತಿದ್ದೆ. ಸುತ್ತ ಅವಳ ಕೆಂಪು ಸೀರೆಯ ಅಂಚು, ನಡುವೆ ಅಪ್ಪನ ಕೇಸರಿ ಪಟಗ. ಆ ಪಟಗವನ್ನು ನನ್ನ ಮದುವೆಯಲ್ಲಿ ನನ್ನ ಮಾವನೇ ಬೀಗರಿಗೆ ಕೊಡುವ ಆಯೇರಿಯೆಂದು ಅಪ್ಪನ ತಲೆಗೆ ಸುತ್ತಿದ್ದ. ಕೊನೆಯ ಮೂಲೆ ಮುಚ್ಚುವ ಮುಂಚೆ ಅವ್ವ ಒಳಗೆ ನಾಲ್ಕು ಕಾಳು ಜೋಳ ಹಾಕಿದಳು.

"ಕೌದಿ ಹೊಟ್ಟಿ ಖಾಲಿ ಇರಬಾರ್ದು. ಕೂಸಿನ್ನ ಹಾಕೂ ಮುಂದ ಇದನ್ನ ಹಾಸಂತ ಹೇಳು," ಎಂದಳು.

ಅದನ್ನು ನಾನು ಮಾರಿದೆ.

ಕಷ್ಟವೇನೂ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ. ಸಂಜೆ ಹಾಗೇ ಮ್ಹಾಪಸಾಕ್ಕೆ ಹೋಗಿ ಕೂಸಿಗೆ ಕುಲಾವಿ ಕೊಳ್ಳುವುದಿತ್ತು, ಬಣ್ಣ ಹೊಂದಲಿ ಎಂದು ಕೌದಿಯನ್ನು ಚೀಲದಲ್ಲಿಟ್ಟುಕೊಂಡು ದಂಡೆಗೆ ಹೋಗಿದ್ದೆ. ಒಬ್ಬ ವಿದೇಶಿ ಹೆಂಗಸು ನೋಡಿದಳು. ಇದು ಮಾರಾಟಕ್ಕಿಲ್ಲ ಎಂದೆ. ಇಲ್ಲ ಎಂದಷ್ಟೂ ಅವಳಿಗೆ ಆಸೆ ಹೆಚ್ಚಿತು, ಅವಳ ಆಸೆ ನೋಡಿ ನನಗೂ ಹೆಚ್ಚಿತು. ಮಾರಿ ಮಾರಿ ಪಳಗಿದ ಕೈ. ಅವಳು ಬಿಸಿಲಲ್ಲಿ ಅದನ್ನು ಹೆಗಲಿಗೆ ಹಾಕಿಕೊಂಡು ನಡೆದುಹೋದಳು. ಆ ದುಡ್ಡು ಗಾಡಿಯ ಎಂಜಿನ್ ಬಿಚ್ಚಿಸಿ ಕೂಡಿಸಲು ಹೋಯಿತು. ಬದಲಿಗೆ ಮ್ಹಾಪಸಾ ಪೇಟೆಯಲ್ಲಿ ಹುಲಿ ಚಿತ್ರದ ಒಂದು ಮಿಲ್ಲಿನ ಚಾದರ ಕೊಂಡೆ. ಕೌದಿಗಿಂತ ಇದೇ ಮೆತ್ತಗಿದೆ ಎಂದು ನನಗೆ ನಾನೇ ಹೇಳಿಕೊಂಡೆ.

ನಸುಕಿನಲ್ಲಿ ಅರ್ಧ ತೋಳಿನ ಅಂಗಿಯಲ್ಲಿ ಹೊರಟೆ. ವರ್ಷಗಟ್ಟಲೆ ಸಮುದ್ರದ ಪಕ್ಕ ಬೆವರಿದವನಿಗೆ ಥಂಡಿ ಎಂದರೆ ಸೋಡಾ ಬಾಟಲಿಯಲ್ಲಿರುವುದು ಎಂಬಷ್ಟು ಮರೆತುಹೋಗಿತ್ತು. ಹುಟ್ಟಿ ಬೆಳೆದ ಸೀಮೆಯ ಚಳಿಯನ್ನೇ ಮರೆಯುವಷ್ಟು ದೊಡ್ಡಮನುಷ್ಯ ಆಗಿದ್ದೆ. ಉಸಗಾಂವದಲ್ಲಿ ಅದಿರು ಲಾರಿಗಳ ಕೆಂಪು ಧೂಳು ಮುಖಕ್ಕೆ ಬಡಿಯಿತು. ಮೊಲೆಂ ದಾಟಿ ಘಾಟು ಏರತೊಡಗಿದ ಮೇಲೆ ಒಂದೊಂದು ತಿರುವಿಗೂ ಚಳಿ ಜಾಸ್ತಿಯಾಯಿತು. ಅನಮೋಡ ತಲುಪುವಷ್ಟರಲ್ಲಿ ಕ್ಲಚ್ ಒತ್ತಲು ಬೆರಳು ಮಡಚುತ್ತಿರಲಿಲ್ಲ, ಕಣ್ಣಿನ ನೀರು ಕಿವಿಯವರೆಗೆ ಹರಿದಿತ್ತು. ಕ್ಯಾರಿಯರಿನಲ್ಲಿ ಚಾದರ ಇತ್ತು, ಪ್ಲಾಸ್ಟಿಕ್ ಹರಿದರೆ ಹೊಸತನ ಹೋಗುತ್ತದೆಂದು ಬಿಚ್ಚಲಿಲ್ಲ. ಚಹಾದ ಅಂಗಡಿಯವನು ಮಡ್‌ಗಾರ್ಡ್ ನೋಡಿ, "ಗೋವಾದವ್ರೇನ್ರಿ?" ಎಂದು ಕೇಳಿ, ಅಂಗಿಯೊಳಗೆ ತುಂಬಿಕೊಳ್ಳಲು ಹಳೆಯ ಪೇಪರು ಕೊಟ್ಟ. ಎದೆಯ ಮೇಲೆ ಪೇಪರು ಪರಪರ ಎನ್ನುತ್ತಿದ್ದಂತೆ ಬೆಳಗಾವಿಯವರೆಗೆ ಚಾದರ ಅವ್ವನೇ ಕಳಿಸಿದ್ದು ಎಂಬ ಸುಳ್ಳನ್ನು ಉರುಹೊಡೆದೆ.

ಮಧ್ಯಾಹ್ನ ತಲುಪಿದೆ. ಕೂಸಿನ ಮುಖ ನೋಡಿದ ಸಂತೋಷ ಒಂದು ಗಳಿಗೆಯೂ ನಿಲ್ಲಲಿಲ್ಲ. ಮಾವ ಚೀಲದ ಕಡೆ ನೋಡಿ, "ಕೌದಿ ತಂದ್ರೇನ್ರಿ ಅಳಿಯಾರ? ಬೀಗತಿ ಬರಿಸಿದ್ರು," ಎಂದ. ಅವ್ವ ಪಕ್ಕದ ಖೋಲಿಯವರಿಂದ ಪತ್ರ ಬರೆಸಿದ್ದು ನನಗೆ ಗೊತ್ತೇ ಇರಲಿಲ್ಲ.

"ಹಾದ್ಯಾಗ ಬಿತ್ತರಿ. ಹಗ್ಗ ಸಡಲಾಗಿತ್ತು," ಎಂದೆ.

"ಎಲ್ಲಿ?"

ದೂರ ಹೇಳಿದರೆ ಯಾರೂ ಹೋಗುವುದಿಲ್ಲ ಎಂಬ ಲೆಕ್ಕ ನನ್ನದು. "ಅನಮೋಡ ಘಾಟಿನಾಗ," ಎಂದೆ.

ಮಾವ, "ನಾಳಿ ನಸಕಿನ್ಯಾಗ ಹೋಗೂಣು. ತೊಟ್ಟಲಾ ನಾಡದ ಐತಿ," ಎಂದ. ನಾನು ಬೇಡವೆಂದೆ, ದೂರ ಎಂದೆ, ಚಳಿ ಎಂದೆ. "ಅದರಾಗ ನಾ ಸುತ್ತಿದ ಪಟಗಾ ಐತಿ. ನಿಮ್ಮಪ್ಪ ಇಲ್ಲಲ್ರಿ ಈಗ, ಕೂಸಿಗೆ ಅದ ಅಜ್ಜ," ಎಂದ.

ಆ ಮನುಷ್ಯ ಅಲ್ಲಿಯವರೆಗೆ ಮೋಟಾರ್‌ಸೈಕಲ್ ಹತ್ತಿದವನಲ್ಲ. ಮೊದಲು ಒಂದೇ ಬದಿಗೆ ಕೂತ, ಯರಗಟ್ಟಿ ದಾಟಿದ ಮೇಲೆ ಧೋತರ ಮೇಲೆ ಕಟ್ಟಿ ಎರಡೂ ಕಡೆ ಕಾಲು ಹಾಕಿದ. ಹೊಲಗಳಲ್ಲಿ ಇಬ್ಬನಿ ಬಿದ್ದಿತ್ತು, ಎದುರುಗಾಳಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಹತ್ತು ಮೈಲಿ ಹೋಗುವುದರೊಳಗೆ ನಾನು ನಡುಗುವುದು ಅವನಿಗೆ ತಿಳಿಯಿತು. ಗಾಡಿ ನಿಲ್ಲಿಸಲು ಹೇಳಿ, ಹೊದ್ದಿದ್ದ ಕಂಬಳಿಯನ್ನು ತೆಗೆದು ಹಿಂದುಮುಂದಾಗಿ ನನ್ನ ಎದೆಗೆ ಹಾಕಿ ಕುತ್ತಿಗೆಯ ಹಿಂದೆ ಗಂಟು ಬಿಗಿದ.

"ಬ್ಯಾಡ್ರಿ ಮಾವಾ, ನಿಮಗ ಥಂಡಿ ಆಗತೈತಿ."

"ಗಾಳಿ ಬಡ್ಯೂದು ನಿಮಗ. ನಾ ಮರಿಗಿ ಅದೇನಿ."

ಮರೆ ಎಲ್ಲಿಯದು? ಬೆಳಗಾವಿಯವರೆಗೂ ಅವನ ನಡುಕ ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು. ಅಲ್ಲೇ ಗಾಡಿ ನಿಲ್ಲಿಸಿ ಹೇಳಬೇಕಿತ್ತು. ಮುಂದಿನ ಊರಲ್ಲಿ ಹೇಳಿದರಾಯಿತು ಎಂದುಕೊಂಡೆ. ಖಾನಾಪುರ ಬಂತು, ಹೋಯಿತು. ಲೋಂಡಾ ಬಂತು, ಹೋಯಿತು. ಪ್ರತಿ ಚಹಾದ ಅಂಗಡಿಯಲ್ಲೂ ಅವನು ಇಳಿದು ತಾನು ಕಣ್ಣಿಂದ ನೋಡದ, ಪತ್ರದಿಂದಷ್ಟೇ ಗೊತ್ತಿದ್ದ ಕೌದಿಯ ವರ್ಣನೆ ಮಾಡುತ್ತಿದ್ದ: ಕೆಂಪಂಚು, ನಡುವೆ ಕೇಸರಿ ಪಟಗ, ಕೂಸಿನದು, ಸಣ್ಣದು. ಅಂಗಡಿಯವರು ಪಾಪ, ಬೆಂಚಿನ ಕೆಳಗೆ ಸಹ ನೋಡುತ್ತಿದ್ದರು. ಪೇಪರು ಕೊಟ್ಟಿದ್ದ ಅನಮೋಡದವನು ನನ್ನ ಮುಖವನ್ನೊಮ್ಮೆ ನೋಡಿದ. ಕ್ಯಾರಿಯರಿನ ಹಗ್ಗ ನಿನ್ನೆ ಎಷ್ಟು ಬಿಗಿಯಾಗಿತ್ತೆಂದು ಅವನು ನೋಡಿದ್ದ. ಚಹಾದ ಗ್ಲಾಸನ್ನು ನನ್ನ ಮುಂದೆ ಕುಕ್ಕಿ ಇಟ್ಟ.

ಘಾಟಿನಲ್ಲಿ ಮಾವ ಗಾಡಿ ಹತ್ತಲಿಲ್ಲ. ತಿರುವು ತಿರುವಿಗೆ ನಡೆದು, ಮುಳ್ಳುಕಂಟಿಯಲ್ಲಿ ಬಗ್ಗಿ ನೋಡಿದ. ನಾನು ಗಾಡಿಯನ್ನು ನ್ಯೂಟ್ರಲ್‌ನಲ್ಲಿ ಉರುಳಿಸುತ್ತಾ ಹಿಂದೆ ಹಿಂದೆ ಹೋದೆ. ಒಂದು ಕಡೆ, "ಸಿಕ್ತ್ರಿ," ಎಂದು ಕೂಗಿದ. ಮಾರಿದ ವಸ್ತು ಸಿಗಲಿ ಎಂದು ಆ ಕ್ಷಣ ನಾನೂ ಖರೇ ಆಸೆಪಟ್ಟೆ. ಅದು ಲಾರಿಯವರು ಎಣ್ಣೆ ಒರೆಸಿ ಒಗೆದ ಕೆಂಪು ಅರಿವೆ. ಮಾವ ಅದನ್ನು ಒದರಿ, ಮಡಚಿ, ಕಲ್ಲಿನ ಮೇಲಿಟ್ಟು ಮತ್ತೆ ನಡೆದ. ಘಾಟಿನ ಬುಡದಲ್ಲಿ ಬಿಸಿಲು ಚುರುಗುಟ್ಟಿದಾಗ ಕಾಲಿನ ಮುಳ್ಳು ಕೀಳುತ್ತಾ, "ಯಾರರ ಬಡವ್ರ ಕೂಸಿಗೆ ಸಿಕ್ಕಿರಬೇಕು ಬಿಡ್ರಿ. ಅದೂ ಕೂಸ," ಎಂದ. ಬರುವಾಗಲೂ ಕಂಬಳಿ ನನ್ನ ಎದೆಯ ಮೇಲೆಯೇ ಇತ್ತು.

ಮನೆ ಮುಟ್ಟಿದಾಗ ದೀಪ ಹಚ್ಚುತ್ತಿದ್ದರು. ಮಾವ ಕೆಮ್ಮುತ್ತಾ ಒಲೆಯ ಮುಂದೆ ಕೂತ. ಬಾಣಂತಿ ಕೋಣೆಯಲ್ಲಿ ಹೆಂಡತಿ ಹುಲಿಯ ಚಾದರದ ಪ್ಲಾಸ್ಟಿಕ್ಕಿನಲ್ಲಿ ಅಚ್ಚಾಗಿದ್ದ ಮ್ಹಾಪಸಾ ಅಂಗಡಿಯ ಹೆಸರಿನ ಮೇಲೆ ಕೈಯಿಟ್ಟು ಕೂತಿದ್ದಳು. ದನಿ ಏರಿಸದೆ ಕೇಳಿದಳು:

"ಕೌದಿ ಹಾದ್ಯಾಗ ಬಿದ್ದಿದ್ರ, ಇದನ್ನ ಮ್ಹಾಪಸಾದಾಗ ಮೊದಲ ಯಾಕ ತಗೊಂಡ್ರಿ?"

ಇಷ್ಟು ಸಣ್ಣ ಮಾತು ನನ್ನ ತಲೆಗೆ ಹೊಳೆದಿರಲಿಲ್ಲ. ಅವಳೂ ದಂಡೆಯಲ್ಲಿ ಮಾರುವವಳೇ, ಮುಂದೆ ವಿವರಿಸುವ ಅಗತ್ಯವಿರಲಿಲ್ಲ. "ಯಾವಾಗ ಗೊತ್ತಾತು?" ಎಂದೆ.

"ನಿನ್ನಿನ."

"ಮತ್ತ ನಿಮ್ಮಪ್ಪನ್ನ ಹೋಗಾಕ ಯಾಕ ಬಿಟ್ಟಿ?"

"ಹಾದ್ಯಾಗರ ಹೇಳ್ತೀರಿ ಅಂತ ತಿಳಕೊಂಡಿದ್ದೆ."

ಈಗಲೇ ಹೋಗಿ ಹೇಳುತ್ತೇನೆ ಎಂದು ಎದ್ದೆ. ಅವಳು ಕೂಸನ್ನು ಎತ್ತಿಕೊಂಡು, "ಬ್ಯಾಡ. ಅಂವಾ ಅಷ್ಟ್ ದೂರ ಹುಡುಕಿ ಬಂದಾನ. ಅದನ್ನರ ಅವಗ ಬಿಡ್ರಿ," ಎಂದಳು. ಆ ಮಾತಿನ ಮೇಲೆ ನನಗೆ ಬಾಯಿ ತೆರೆಯುವ ಹಕ್ಕೂ ಉಳಿಯಲಿಲ್ಲ. ಅವಳು ಮತ್ತೆಂದೂ ಅದರ ಸುದ್ದಿ ತೆಗೆಯಲಿಲ್ಲ. ಬೈದಿದ್ದರೆ ಎಷ್ಟೋ ಚಲೋ ಇತ್ತು.

ಆ ಕೆಮ್ಮು ಮಾವನನ್ನು ಚಳಿಗಾಲ ಮುಗಿಯುವವರೆಗೂ ಬಿಡಲಿಲ್ಲ. ಆಮೇಲೆ ಪ್ರತಿ ಚಳಿಗಾಲದಲ್ಲೂ ಅದು ಮರಳಿ ಬಂತು. ತೊಂಬತ್ತರ ದಶಕದಲ್ಲಿ ಮಗಳು ದೊಡ್ಡವಳಾಗಿ ರಜೆಗೆ ಹೋದಾಗಲೆಲ್ಲ ಅವನು ಕೆಮ್ಮಿನ ನಡುವೆ ಅದೇ ಕಥೆ ಹೇಳುತ್ತಿದ್ದ: "ನಿನ್ನ ಕೌದಿ ಅನಮೋಡ ಘಾಟಿನಾಗ ಐತವ್ವಾ. ನಿಮ್ಮಪ್ಪ ಎಂಥಾ ಥಂಡ್ಯಾಗ ಹುಡುಕಿದ ಗೊತ್ತೇನು? ಹಿಂತಾ ಅಪ್ಪ ಯಾರಿಗೂ ಸಿಗೂದಿಲ್ಲ." ಹೆಂಡತಿ ರೊಟ್ಟಿ ಬಡಿಯುತ್ತಾ ಕೇಳಿಸಿಕೊಳ್ಳುತ್ತಿದ್ದಳು. ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಗಾಡಿಯನ್ನು ಮಾರಿ ಎಷ್ಟೋ ದಿನವಾಗಿತ್ತು. ಗೋವಾಕ್ಕೆ ಬಸ್ಸಿನಲ್ಲಿ ಮರಳುವಾಗ ಅನಮೋಡ ಬಂತೆಂದರೆ ಮಗಳು ನನ್ನನ್ನು ಸರಿಸಿ ಕಿಟಕಿಗೆ ಮುಖವಿಟ್ಟು ಕಂಟಿಗಳಲ್ಲಿ ಹುಡುಕುತ್ತಿದ್ದಳು. "ಅಪ್ಪಾ, ನೀವು ಆ ಕಡೆ ನೋಡ್ರಿ," ಎನ್ನುತ್ತಿದ್ದಳು. ನಾನು ಆ ಕಡೆ ನೋಡುತ್ತಿದ್ದೆ.