ಸೇತುವೆಯ ಸಂದಿಗೆ ಹಾಸಿದ ಕಂಬಳಿ

ಮೊನ್ನೆಯ ಮಳೆಗೆ, ಮಹಡಿ ಮೇಲೆ ಒಣಹಾಕಿದ್ದ ನಮ್ಮವರ ಕಂಬಳಿ ನೆಂದು ತೊಪ್ಪೆಯಾಗಿತ್ತು. ಒಳಗೆ ತಂದದ್ದೇ ತಡ, ಕುರಿಯ ವಾಸನೆ ಮನೆಯೆಲ್ಲ ತುಂಬಿತು. ಸೊಸೆ ಮೂಗು ಮುಚ್ಚಿಕೊಂಡಳು. ನನಗೆ ಎದುರುಮನೆ ತಾತ ನೆನಪಾದ...

ನಾನು ಮದುವೆಯಾಗಿ ಬಂದ ಹೊಸದು. ನಮ್ಮ ಎರಡು ಆಡು ತಾತನ ಕುರಿಹಿಂಡಿನ ಜೊತೆಗೇ ಮೇಯುತ್ತಿದ್ದವು. ಎಷ್ಟೋ ದಿನ ನಾನೂ ಹಿಂದೆ ಹೋಗುತ್ತಿದ್ದೆ. ಮೇವಿದ್ದದ್ದು ವೇದಾವತಿ ಹೊಳೆಯ ಆಚೆ. ದಾಟಲು ಹಳೆಯ ಕಬ್ಬಿಣದ ಸೇತುವೆ ಒಂದೇ. ಅದರ ನಡುವೆ ಒಂದು ಸಂದಿಯಿತ್ತು. ಕೆಳಗೆ ನೀರೋ ಮರಳೋ ಮಿಣುಗಿದರೆ ಸಾಕು, ಮುಂದಿನ ಟಗರು ಕಾಲೂರಿ ನಿಂತುಬಿಡುತ್ತಿತ್ತು. ಅದು ನಿಂತರೆ ಹಿಂಡೇ ನಿಂತಂತೆ. ಆಗ ತಾತ ಹೆಗಲ ಮೇಲಿನ ಕಂಬಳಿ ತೆಗೆದು ಸಂದಿಗೆ ಹಾಸುತ್ತಿದ್ದ. ಟಗರು ಒಮ್ಮೆ ಮೂಸಿ ನಡೆದುಬಿಡುತ್ತಿತ್ತು.

ಆ ಕಂಬಳಿಗೆ ನೂಲು ತೆಗೆದವಳು ತೀರಿಹೋದ ಅವನ ಹೆಂಡತಿ. "ಅವ್ಳ ವಾಸ್ನೆ ಐತೆ ತಾಯಿ ಇದ್ರಾಗೆ. ಇವಕ್ಕೆ ಗೊತ್ತು" ಎನ್ನುತ್ತಿದ್ದ. ಕುರಿಗೇನು ಗೊತ್ತು ಮಣ್ಣು ಎಂದು ನಾನು ನಗುತ್ತಿದ್ದೆ.

ಒಂದು ಸಂಜೆ ಹೊಳೆ ತುಂಬಿ ಹರಿಯುತ್ತಿತ್ತು. ಹಿಂಡು ದಾಟಿತು, ಜೊತೆಗೆ ನಾನೂ. ತಾತ ಕಂಬಳಿ ಎತ್ತಲು ಬಗ್ಗಿದ್ದ. ಹಿಂದಿನಿಂದ ಲಾರಿಯೊಂದು ಬಂತು. ಹಾರನ್ ಹೊಡೆದನೇ ಹೊರತು ಆ ಪುಣ್ಯಾತ್ಮ ನಿಲ್ಲಿಸಲಿಲ್ಲ. ತಾತ ಪಕ್ಕದ ಕಂಬಿ ತಬ್ಬಿಕೊಂಡು ಉಳಿದ. ಕಂಬಳಿ ಚಕ್ರಕ್ಕೆ ಸಿಕ್ಕಿ, ಎಳೆದಾಡಿ, ಕಂಬಿಗಳ ನಡುವಿನಿಂದ ಹೊಳೆಗೆ ಬಿತ್ತು.

"ಹೋಗ್ಲಿ ಬಿಡು ತಾತ, ಜೀವ ಉಳೀತಲ್ಲ" ಅಂದೆ.

"ಹ್ಞೂನವ್ವ, ಉಳೀತು" ಅಂದ. ನೀರನ್ನೇ ನೋಡುತ್ತಿದ್ದ.

ನಮ್ಮವರು ಚಳ್ಳಕೆರೆ ಸಂತೆಯಿಂದ ಹೊಸ ಕಂಬಳಿ ತಂದುಕೊಟ್ಟರು. ತಾತ ಅದನ್ನು ಹಾಸಿದ. ಟಗರು ಮೂಸಿತು, ಹಿಂದೆ ಸರಿಯಿತು. ಎಳೆದರೂ ಇಲ್ಲ, ಹೊಡೆದರೂ ಇಲ್ಲ. ತಾತ ಸೇತುವೆಯ ಮೇಲೆಯೇ ಕುಕ್ಕರಗಾಲಲ್ಲಿ ಕೂತು ಅತ್ತುಬಿಟ್ಟ. ಹೆಂಡತಿ ಸತ್ತಾಗಲೂ ಹೀಗೆ ಅತ್ತಿರಲಿಲ್ಲವಂತೆ, ನಮ್ಮತ್ತೆ ಹೇಳಿದರು. ಆಮೇಲೆ ಹಿಂಡು ಮಾರಿದ. ಬೇಸಿಗೆ ಬರುವಷ್ಟರಲ್ಲಿ ತಾನೂ ಹೋಗಿಬಿಟ್ಟ...

ಈಗ ಪಕ್ಕದಲ್ಲೇ ಸಿಮೆಂಟಿನ ಸೇತುವೆಯಾಗಿದೆ, ಕುರಿಗಳು ತಲೆ ತಗ್ಗಿಸಿ ಸಲೀಸಾಗಿ ದಾಟುತ್ತವೆ. ಕಬ್ಬಿಣದ್ದು ತುಕ್ಕು ಹಿಡಿದು ನಿಂತಿದೆ. ಎರಡೂ ತುದಿಗೆ ಮುಳ್ಳು ಹಾಕಿದ್ದಾರೆ.

"ಕಂಬಳಿ ಹಳೇದಾತಲ್ಲತ್ತೆ, ಹೊಸದು ತರಾನ ಬಿಡ್ರಿ" ಎಂದಳು ಸೊಸೆ. ಪಾಪ, ಒಳ್ಳೆಯದಕ್ಕೇ ಹೇಳಿದಳು. ನಮ್ಮವರು ಹೋಗಿ ವರ್ಷವಾಯಿತು; ಕೊನೆಯವರೆಗೆ ಹೊದ್ದದ್ದು ಅದನ್ನೇ. ಅವಳು ಒಳಗೆ ಹೋದ ಮೇಲೆ ಕಂಬಳಿಯನ್ನು ಮುಖಕ್ಕೆ ಹಿಡಿದು ಮೂಸಿದೆ. ಕುರಿಯ ವಾಸನೆ ಬಂತು. ಅವರದು ಬರಲಿಲ್ಲ.